ವಿಚಾರಗೋಷ್ಠಿಯ ಪರಂಪರೆ: ನಾಸಿಕ, ಮೈಸೂರು, ನಿಜಾಮರಾಜ್ಯ

ಸಿಲ್ಲೋಡ್ ಹತ್ತಿ, ಮೆಕ್ಕೆಜೋಳ, ಮೆಣಸಿನಕಾಯಿಗಳ ಪೇಟೆ. ಔರಂಗಾಬಾದಿನಿಂದ, ಎಂದರೆ ಇಂದಿನ ಛತ್ರಪತಿ ಸಂಭಾಜಿನಗರದಿಂದ, ಅಜಂತೆಗೆ ಹೋಗುವ ಯಾತ್ರಿಕರು ಈ ಊರನ್ನು ಹಾದುಹೋಗುವರೇ ಹೊರತು ಇಲ್ಲಿ ನಿಲ್ಲುವವರು ವಿರಳ. ಬ್ಯಾಂಕಿನ ಕೆಲಸದ ನಿಮಿತ್ತ ಇಲ್ಲಿ ನಿಂತ ನನಗೆ, ಪೇಟೆಯ ಜನರು ಚಹದಂಗಡಿಯಲ್ಲಿ ಹತ್ತಿಯ ಧಾರಣೆಯಿಂದ ತೊಡಗಿ ದೂರದೇಶದ ಯುದ್ಧ, ಹೊಸ ಯಂತ್ರ, ಚುನಾವಣೆಗಳವರೆಗೆ ಚರ್ಚಿಸುವುದನ್ನು ಕೇಳುವ ಅವಕಾಶ ದೊರೆಯಿತು. ಈ ಬಗೆಯ ಮಾತು ಯಾವಾಗ ಗೋಷ್ಠಿಯಾಗುತ್ತದೆ, ಗೋಷ್ಠಿ ಯಾವಾಗ ಫಲಿಸುತ್ತದೆ ಎಂಬ ಪ್ರಶ್ನೆ ಆಗ ಮನಸ್ಸಿನಲ್ಲಿ ಮೂಡಿತು. ಅದಕ್ಕೆ ಇತಿಹಾಸದಲ್ಲಿ ಉತ್ತರವನ್ನರಸುವುದೇ ಈ ಲೇಖನದ ಉದ್ದೇಶ.

ನಾಸಿಕ ಜಿಲ್ಲೆಯ ನಿಫಾಡದಲ್ಲಿ ೧೮೪೨ರಲ್ಲಿ ಜನಿಸಿದ ಮಹಾದೇವ ಗೋವಿಂದ ರಾನಡೆಯವರನ್ನು ಈ ಪರಂಪರೆಯ ಮೂಲಪುರುಷರಲ್ಲಿ ಒಬ್ಬರೆಂದು ಎಣಿಸಬಹುದು. ೧೮೭೫ರಲ್ಲಿ ಪುಣೆಯಲ್ಲಿ ಅವರ ಪ್ರೇರಣೆಯಿಂದ ವಸಂತ ವ್ಯಾಖ್ಯಾನಮಾಲೆ ಆರಂಭವಾಯಿತು. ಬೇಸಗೆಯ ಸಂಜೆಗಳಲ್ಲಿ ವಿದ್ವಾಂಸನು ಸಾಮಾನ್ಯರೆದುರು ನಿಂತು, ಅವರ ಭಾಷೆಯಲ್ಲಿಯೇ ಕಾಲದ ಸಮಸ್ಯೆಗಳನ್ನು ವಿವರಿಸಬೇಕೆಂಬುದು ಅದರ ಆಶಯ. ೧೮೭೮ರಲ್ಲಿ ರಾನಡೆಯವರಿಗೆ ನಾಸಿಕಕ್ಕೂ ಮರುವರ್ಷ ಧುಳೆಗೂ ವರ್ಗವಾಯಿತು. ಸರ್ಕಾರದ ಸಂಶಯವೇ ಇದಕ್ಕೆ ಕಾರಣವೆಂದು ಜನರು ಭಾವಿಸಿದರು. ವಿಚಾರವನ್ನು ಆಳುವವರು ಹಗುರವಾಗಿ ಕಾಣುತ್ತಿರಲಿಲ್ಲವೆಂಬುದಕ್ಕೆ ಇದೊಂದು ಸೂಚನೆ. ೧೮೯೦ರಲ್ಲಿ ಅವರು ಪುಣೆಯಲ್ಲಿಯೇ ಔದ್ಯೋಗಿಕ ಪರಿಷತ್ತನ್ನು ನಡೆಸಿ, ದೇಶದ ಬಡತನವನ್ನು ಬಂಡವಾಳ, ಸಾಲ, ಯಂತ್ರೋದ್ಯಮಗಳ ಪ್ರಶ್ನೆಯಾಗಿ ಪರಿಶೀಲಿಸುವ ಮಾರ್ಗವನ್ನು ತೋರಿದರು.

ಈ ಮಾರ್ಗ ಕನ್ನಡನಾಡಿಗೆ ಹರಿದ ಬಗೆ ಕುತೂಹಲಕರವಾಗಿದೆ. ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು ೧೮೮೪ರಲ್ಲಿ ಮುಂಬಯಿ ಸರ್ಕಾರದ ಲೋಕೋಪಯೋಗಿ ಇಲಾಖೆಯನ್ನು ಸೇರಿದಾಗ ಅವರ ಮೊದಲ ಕಾರ್ಯಕ್ಷೇತ್ರ ನಾಸಿಕವೇ ಆಗಿದ್ದಿತು. ಮುಂದೆ ಪುಣೆಯಲ್ಲಿ ಅವರಿಗೆ ರಾನಡೆ, ಗೋಖಲೆಯವರ ಒಡನಾಟ ಲಭಿಸಿತು. ೧೯೦೯ರಲ್ಲಿ ಮೈಸೂರಿನ ಮುಖ್ಯ ಎಂಜಿನಿಯರರಾಗಿ ಬಂದ ಅವರ ಪ್ರಯತ್ನದಿಂದ ೧೯೧೧ರ ಜೂನ್ ತಿಂಗಳಲ್ಲಿ ಮೈಸೂರು ಆರ್ಥಿಕ ಸಮ್ಮೇಳನ ಜನ್ಮತಾಳಿತು. ಅಧಿಕಾರಿಗಳೂ ಅನಧಿಕಾರಿಗಳೂ ಒಂದೆಡೆ ಕುಳಿತು ಚರ್ಚಿಸುವ ಈ ಸಭೆಗೆ ವಿದ್ಯಾಭ್ಯಾಸ, ಕೃಷಿ, ಕೈಗಾರಿಕೆ ಮತ್ತು ವಾಣಿಜ್ಯಗಳಿಗೆಂದು ಪ್ರತ್ಯೇಕ ಸಮಿತಿಗಳಿದ್ದವು. ಅಧಿವೇಶನ ಮುಗಿದ ಮೇಲೂ ಸಮಿತಿಗಳ ಕೆಲಸ ಮುಗಿಯುತ್ತಿರಲಿಲ್ಲ. ಸಮ್ಮೇಳನದ ಸತ್ತ್ವವೆಲ್ಲ ಇಲ್ಲಿಯೇ ಅಡಗಿದೆಯೆಂದು ತೋರುತ್ತದೆ. ೧೯೧೩ರಲ್ಲಿ ಮೈಸೂರು ಬ್ಯಾಂಕು, ೧೯೧೫ರಲ್ಲಿ ಕನ್ನಡ ಸಾಹಿತ್ಯ ಪರಿಷತ್ತು, ೧೯೧೬ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಸ್ಥಾಪನೆಗೊಂಡುದಕ್ಕೆ ಈ ಚರ್ಚೆಯ ವಾತಾವರಣವೇ ಬಹುಮಟ್ಟಿಗೆ ಕಾರಣ. ಅರ್ಥಚಿಂತನೆಗೆಂದು ಕೂಡಿದ ಸಭೆ ಭಾಷಾಚಿಂತನೆಯ ಸಂಸ್ಥೆಯೊಂದಕ್ಕೂ ನಿಮಿತ್ತವಾದುದು ಗಮನಾರ್ಹ: ಜನರ ಭಾಷೆ ಬೆಳೆಯದೆ ಜನರ ಉದ್ಯೋಗ ಬೆಳೆಯದೆಂಬ ಅರಿವು ಅದರ ಹಿಂದೆ ಇದ್ದಿತು.

ಹಾಗೆಂದು ಇದರ ಕೊರತೆಯನ್ನು ಮರೆಮಾಚಬಾರದು. ಕಲಾಪಗಳ ಪ್ರಧಾನ ಭಾಷೆ ಇಂಗ್ಲಿಷಾಗಿದ್ದಿತು. ಸಮ್ಮೇಳನಕ್ಕೆ ಪ್ರಭುತ್ವದ ಆಶ್ರಯವಿದ್ದಿತು. ಆಶ್ರಯವಿಲ್ಲದಲ್ಲಿ ಗೋಷ್ಠಿಯ ಗತಿಯೇನು?

ಇದಕ್ಕೆ ಉತ್ತರವನ್ನು ನಿಜಾಮರಾಜ್ಯದಲ್ಲಿ ಕಾಣಬೇಕು. ಇಂದು ಬೇರೆಬೇರೆ ರಾಜ್ಯಗಳಲ್ಲಿರುವ ಸಿಲ್ಲೋಡ್, ಕಲಬುರ್ಗಿ, ರಾಯಚೂರು, ಬೀದರಗಳು ೧೯೫೬ರವರೆಗೆ ಒಂದೇ ಹೈದರಾಬಾದ್ ರಾಜ್ಯದಲ್ಲಿದ್ದವೆಂಬುದನ್ನು ನಮ್ಮಲ್ಲಿ ಅನೇಕರು ಮರೆತಿದ್ದಾರೆ. ಅಲ್ಲಿ ‘ಗಸ್ತಿ ನಿಶಾನ್ ೫೩’ ಎಂಬ ಸುತ್ತೋಲೆಯ ಪ್ರಕಾರ ಅನುಮತಿಯಿಲ್ಲದೆ ಸಭೆ ಸೇರುವಂತಿರಲಿಲ್ಲ. ರಾಜಕೀಯವನ್ನು ಕುರಿತು ನೇರವಾಗಿ ಮಾತನಾಡಲಾಗದ ಜನರು ವಾಚನಾಲಯ, ಶಾಲೆ, ಸಾಹಿತ್ಯ ಸಭೆಗಳನ್ನು ಆಶ್ರಯಿಸಿದರು. ಕನ್ನಡ ಸಾಹಿತ್ಯ ಸಮ್ಮೇಳನವು ೧೯೨೮ರಲ್ಲಿ ಬಿ. ಎಂ. ಶ್ರೀಕಂಠಯ್ಯನವರ ಅಧ್ಯಕ್ಷತೆಯಲ್ಲಿ ಕಲಬುರ್ಗಿಯಲ್ಲಿಯೂ, ೧೯೩೪ರಲ್ಲಿ ಪಂಜೆ ಮಂಗೇಶರಾಯರ ಅಧ್ಯಕ್ಷತೆಯಲ್ಲಿ ರಾಯಚೂರಿನಲ್ಲಿಯೂ ನೆರೆದುದನ್ನು ಈ ಹಿನ್ನೆಲೆಯಲ್ಲಿ ಕಾಣಬೇಕು. ತೆಲುಗರು ೧೯೩೦ರಲ್ಲಿ ಜೋಗಿಪೇಟೆಯಲ್ಲಿ ಆಂಧ್ರ ಮಹಾಸಭೆಯನ್ನೂ, ಮರಾಠಿಗರು ೧೯೩೭ರಲ್ಲಿ ಪರತೂರಿನಲ್ಲಿ ಮಹಾರಾಷ್ಟ್ರ ಪರಿಷತ್ತನ್ನೂ ನಡೆಸಿದರು. ಮಾತೃಭಾಷೆಯ ಅಭಿಮಾನವೇ ಇಲ್ಲಿ ಪೌರಹಕ್ಕಿನ ವಿಚಾರಕ್ಕೆ ಹೊದಿಕೆಯಾಯಿತು. ಮೂರು ಭಾಷೆಗಳವರು ಒಂದೇ ವೇದಿಕೆಯನ್ನು ರಚಿಸಲು ಹೊರಟಾಗ, ೧೯೩೮ರಲ್ಲಿ, ಹೈದರಾಬಾದ್ ಸ್ಟೇಟ್ ಕಾಂಗ್ರೆಸ್ಸು ನಿಷೇಧಕ್ಕೆ ಗುರಿಯಾಯಿತು. ಅದರ ನಾಯಕರಾದ ಸ್ವಾಮಿ ರಾಮಾನಂದ ತೀರ್ಥರು ಕನ್ನಡನಾಡಿನಲ್ಲಿ ಹುಟ್ಟಿ, ಮರಾಠವಾಡೆಯ ಅಂಬಾಜೋಗಾಯಿಯಲ್ಲಿ ಶಿಕ್ಷಕರಾಗಿ ದುಡಿದವರು. ಎರಡು ಭಾಷೆಗಳ ನಡುವೆ ಬದುಕುವ ನಮ್ಮಂಥವರಿಗೆ ಅವರ ಜೀವನ ವಿಶೇಷ ಮನನೀಯ.

ಮೂರನೆಯ ಮಾದರಿ ಬೆಂಗಳೂರಿನದು. ಡಿ. ವಿ. ಗುಂಡಪ್ಪನವರು ೧೯೪೫ರಲ್ಲಿ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯನ್ನು ಸ್ಥಾಪಿಸಿದರು. ಇದಕ್ಕೆ ಅರಮನೆಯ ಕರೆಯೂ ಇಲ್ಲ, ಸುತ್ತೋಲೆಯ ಭಯದ ಹೊದಿಕೆಯೂ ಇಲ್ಲ. ಅಧ್ಯಯನ ಮೊದಲು, ಅಭಿಪ್ರಾಯ ಅನಂತರ. ಪಕ್ಷಕ್ಕಿಂತ ಪ್ರಜೆಯ ವಿವೇಕ ಮುಖ್ಯ ಎಂಬುದು ಅದರ ಧೋರಣೆ. ಸ್ವಾತಂತ್ರ್ಯ ಬರುವ ಮುನ್ನವೇ ಸ್ವತಂತ್ರ ಪ್ರಜೆಯನ್ನು ಸಿದ್ಧಪಡಿಸಹೊರಟ ಪ್ರಯತ್ನವದು. ರಾನಡೆಯವರ ಶಿಷ್ಯರಾದ ಗೋಖಲೆಯವರ ಹೆಸರನ್ನು ಅದು ಧರಿಸಿರುವುದರಿಂದ, ಗೋದಾವರಿಯ ಸೀಮೆಯಲ್ಲಿ ಹುಟ್ಟಿದ ಮಹನೀಯರ ಎಳೆ ಇಲ್ಲಿಯೂ ಮುಂದುವರಿದಂತಾಯಿತು.

ಈ ಮೂರನ್ನೂ ತುಲನೆಮಾಡಿದರೆ ಒಂದು ಮಾತು ಸ್ಪಷ್ಟವಾಗುತ್ತದೆ. ಮೈಸೂರಿಗೆ ಅನುಕೂಲವಿದ್ದಿತು, ಜನಭಾಷೆಯ ಬಲ ಕಡಿಮೆ. ನಿಜಾಮರಾಜ್ಯದಲ್ಲಿ ಭಾಷೆಯ ಬಲವಿದ್ದಿತು, ಅನುಕೂಲವಿಲ್ಲ. ಬೆಂಗಳೂರಿನ ಸಂಸ್ಥೆಗೆ ಸ್ವಂತ ಶಿಸ್ತೇ ಬಂಡವಾಳ. ಹೊರನಾಡಿನಲ್ಲಿರುವ ನಮ್ಮ ಸಂಘಗಳಿಗೆ ಅನುಕೂಲವೂ ಇದೆ, ಭಾಷೆಯೂ ಇದೆ, ತಡೆಯುವ ಸುತ್ತೋಲೆಯಿಲ್ಲ. ಆದರೂ ರಾಜ್ಯೋತ್ಸವ, ನಾಟಕ, ಸತ್ಕಾರಗಳನ್ನು ದಾಟಿ, ಜಗತ್ತನ್ನು ಕಲಕುತ್ತಿರುವ ಯುದ್ಧವನ್ನೋ, ಉದ್ಯೋಗಗಳ ಸ್ವರೂಪವನ್ನೇ ಬದಲಿಸುತ್ತಿರುವ ಯಂತ್ರಬುದ್ಧಿಯನ್ನೋ ಕನ್ನಡದಲ್ಲಿ ಕೂಲಂಕಷವಾಗಿ ಚರ್ಚಿಸುವ ಸಂಜೆಗಳು ನಮ್ಮಲ್ಲಿ ಎಷ್ಟು? ಉತ್ಸವ ಬೇಡವೆಂದು ನನ್ನ ಮಾತಲ್ಲ. ಭಾಷೆ ಉತ್ಸವಕ್ಕೆ ಮಾತ್ರ ಉಳಿದರೆ ನಮ್ಮ ಮಕ್ಕಳು ಗಂಭೀರ ವಿಚಾರವನ್ನು ಅನ್ಯಭಾಷೆಯಲ್ಲಿಯೇ ಮಾಡುವರು, ಕನ್ನಡ ಅವರಿಗೆ ಹಬ್ಬದ ಉಡುಪಾಗುವುದು.

ಬ್ಯಾಂಕಿನಲ್ಲಿ ಠೇವಣಿ ಸುಮ್ಮನೆ ಇದ್ದರೆ ಸಾಲದು. ಅದು ಸಾಲವಾಗಿ ಹೊರಹೋಗಿ, ಬೆಳೆಯಾಗಿ, ಮರಳಿ ಬರಬೇಕು. ವಿಚಾರದ ವಿಷಯವೂ ಹಾಗೆಯೇ. ವರ್ಷಕ್ಕೆ ನಾಲ್ಕು ಗೋಷ್ಠಿ, ಪ್ರತಿಯೊಂದಕ್ಕೂ ಮುಂಚಿತವಾಗಿ ಹಂಚಿದ ಪ್ರಬಂಧ, ಮುಗಿದ ಮೇಲೆ ಒಂದು ಸಣ್ಣ ಸಮಿತಿ ಮತ್ತು ಅದರ ವರದಿ: ಇಷ್ಟನ್ನಾದರೂ ನಮ್ಮ ಸಂಘಗಳು ಕೈಗೊಂಡರೆ, ಹಿರಿಯರು ಕೂಡಿಟ್ಟ ಬಂಡವಾಳ ವ್ಯರ್ಥವಾಗದು.