ಒಳಗೋಡೆಯ ಬಣ್ಣ ಒಣಗುವ ಅವಧಿ

ಕಟ್ಟಡದ ಒಳಗೋಡೆಗೆ ಗಿಲಾವು, ಪುಟ್ಟಿ, ಪ್ರೈಮರ್ ಹಾಗೂ ಬಣ್ಣವನ್ನು ಒಂದರ ಮೇಲೊಂದು ಲೇಪಿಸುವಾಗ, ಒಂದು ಲೇಪಕ್ಕೂ ಮುಂದಿನದಕ್ಕೂ ನಡುವೆ ಬಿಡಬೇಕಾದ ಕಾಲವನ್ನು ಒಣಗುವ ಅವಧಿ ಎನ್ನಲಾಗುತ್ತದೆ. ಬಣ್ಣ ಗುಳ್ಳೆಯೇಳುವುದು, ಹೊಪ್ಪಳೆಯಾಗಿ ಉದುರುವುದು, ಗೋಡೆಯಲ್ಲಿ ಮಚ್ಚೆ ಕಾಣಿಸುವುದು ಮುಂತಾದ ದೋಷಗಳಲ್ಲಿ ಬಹುಪಾಲು ಬಣ್ಣದ ಗುಣಮಟ್ಟದಿಂದಲ್ಲ, ಈ ಅವಧಿಯನ್ನು ಮೊಟಕುಗೊಳಿಸುವುದರಿಂದ ಉಂಟಾಗುತ್ತವೆ.

ಒಣಗುವಿಕೆಯ ಹಂತಗಳು

ಬೆರಳಿಗೆ ಅಂಟದಿದ್ದರೆ ಒಣಗಿತೆಂದು ತಿಳಿಯುವುದು ರೂಢಿ. ಆದರೆ ಅದು ಮೊದಲ ಹಂತ ಮಾತ್ರ. ಮೇಲೆ ಇನ್ನೊಂದು ಲೇಪವನ್ನು ತಾಳಿಕೊಳ್ಳುವಷ್ಟು ಗಟ್ಟಿಯಾಗುವುದು ಎರಡನೆಯದು. ಲೇಪ ಪೂರ್ತಿ ಬಲಿತು ಒರೆಸಲು, ತೊಳೆಯಲು ಯೋಗ್ಯವಾಗುವುದು ಮೂರನೆಯದು. ಎಮಲ್ಷನ್ ಬಣ್ಣ ಅರ್ಧ ಗಂಟೆಯಲ್ಲಿ ಮೊದಲ ಹಂತವನ್ನು ಮುಟ್ಟಿದರೂ ಮೂರನೆಯದಕ್ಕೆ ಎರಡರಿಂದ ನಾಲ್ಕು ವಾರ ಬೇಕಾಗುತ್ತದೆ.

ಗಿಲಾವು

ಹೊಸ ಸಿಮೆಂಟ್ ಗಿಲಾವಿಗೆ ಕನಿಷ್ಠ 7 ದಿನ ನೀರುಣಿಸಬೇಕು. ಆ ಬಳಿಕ ಅದು ಒಣಗಬೇಕು. ಬಣ್ಣಕ್ಕೆ ಮುನ್ನ ಸುಮಾರು 28 ದಿನ ಕಾಯುವುದು ವಾಡಿಕೆ; ಮಳೆಗಾಲದಲ್ಲಿ ಇದೂ ಸಾಲದು. ಕಾಯುವುದಕ್ಕೆ ಕಾರಣಗಳು ಎರಡು. ಒಂದು, ಗೋಡೆಯೊಳಗಿನ ನೀರು ಹೊರಬರುವಾಗ ಕರಗಿದ ಲವಣಗಳನ್ನೂ ಹೊತ್ತು ತಂದು ಮೇಲ್ಮೈಯಲ್ಲಿ ಬಿಳಿಯ ಪುಡಿಯಾಗಿ ಬಿಡುತ್ತದೆ. ಇನ್ನೊಂದು, ಹಸಿ ಸಿಮೆಂಟ್ ತೀವ್ರ ಕ್ಷಾರೀಯವಾದುದು. ಅದರ ಪಿಎಚ್ ಮೌಲ್ಯ 12ಕ್ಕೂ ಹೆಚ್ಚು. ಅದರ ಮೇಲೆ ಎಣ್ಣೆ ಬಣ್ಣ ಬಳಿದರೆ ಕ್ಷಾರವು ಎಣ್ಣೆಯೊಡನೆ ವರ್ತಿಸಿ, ಸಾಬೂನು ತಯಾರಿಕೆಯಲ್ಲಿ ನಡೆಯುವ ಕ್ರಿಯೆಯೇ ಗೋಡೆಯ ಮೇಲೂ ನಡೆಯುತ್ತದೆ. ಲೇಪವು ಮೆತ್ತಗಾಗಿ ಅಂಟಂಟಾಗುತ್ತದೆ. ಎಷ್ಟೇ ಬೆಲೆಬಾಳುವ ಬಣ್ಣವೂ ಇದಕ್ಕೆ ಪರಿಹಾರವಲ್ಲ.

ತೇವವಿದೆಯೇ ಎಂದು ಅರಿಯಲು ಸರಳ ಉಪಾಯವೊಂದಿದೆ. ಸುಮಾರು 45 ಸೆಂ.ಮೀ. ಚೌಕದ ಪಾಲಿಥಿನ್ ಹಾಳೆಯ ನಾಲ್ಕೂ ಅಂಚುಗಳನ್ನು ಟೇಪಿನಿಂದ ಗೋಡೆಗೆ ಅಂಟಿಸಿ ಕನಿಷ್ಠ 16 ಗಂಟೆ ಬಿಡಬೇಕು. ಹಾಳೆಯ ಒಳಮೈಯಲ್ಲಿ ಹನಿ ಕಂಡರೆ ಅಥವಾ ಗೋಡೆಯ ಆ ಭಾಗ ಕಪ್ಪಿಟ್ಟಿದ್ದರೆ ಬಣ್ಣದ ಡಬ್ಬಿಯನ್ನು ತೆರೆಯದಿರುವುದೇ ಲೇಸು.

ಪುಟ್ಟಿ ಮತ್ತು ತೇಪೆ

ಬಿಳಿ ಸಿಮೆಂಟ್ ಪುಟ್ಟಿಯನ್ನು ಒಂದೇ ಬಾರಿಗೆ ದಪ್ಪನಾಗಿ ಮೆತ್ತಬಾರದು. ಎರಡು ತೆಳು ಲೇಪಗಳ ನಡುವೆ 4ರಿಂದ 6 ಗಂಟೆ, ಕೊನೆಯ ಲೇಪದ ನಂತರ ಉಜ್ಜುವ ಮುನ್ನ ಒಂದು ರಾತ್ರಿ ಬಿಡುವುದು ಕ್ರಮ. ಆಳವಾದ ಕುಳಿಗಳನ್ನು ಪದರ ಪದರವಾಗಿ ತುಂಬಬೇಕು. ಇಲ್ಲವಾದರೆ ಹೊರಮೈ ಒಣಗಿ ಒಳಗೆ ಹಸಿಯುಳಿದು, ಕುಗ್ಗಿ ಬಿರುಕು ಬಿಡುತ್ತದೆ. ಪ್ಲಾಸ್ಟರ್ ಆಫ್ ಪ್ಯಾರಿಸ್ ಅರ್ಧ ಗಂಟೆಯೊಳಗೆ ಗಟ್ಟಿಯಾಗುತ್ತದೆ. ಗಟ್ಟಿಯಾಗುವುದೇ ಬೇರೆ, ಒಣಗುವುದೇ ಬೇರೆ: ನೀರಿನ ಒಂದು ಭಾಗ ಜಿಪ್ಸಮ್ ಹರಳಿನಲ್ಲಿ ಸೇರಿಕೊಂಡರೂ ಉಳಿದದ್ದು ಆವಿಯಾಗಿಯೇ ಹೋಗಬೇಕು.

ಪ್ರೈಮರ್, ಬಣ್ಣ

ನೀರು ಆಧಾರಿತ ಪ್ರೈಮರಿಗೆ 4ರಿಂದ 6 ಗಂಟೆ, ಎಮಲ್ಷನ್ನಿನ ಎರಡು ಲೇಪಗಳ ನಡುವೆ 3ರಿಂದ 4 ಗಂಟೆ, ಎಣ್ಣೆ ಆಧಾರಿತ ಎನಾಮಲ್ಲಿಗೆ ಒಂದು ಇಡೀ ರಾತ್ರಿ ಬೇಕು. ಎಮಲ್ಷನ್ ನೀರನ್ನು ಕಳೆದುಕೊಂಡು, ಅದರ ಸೂಕ್ಷ್ಮ ಕಣಗಳು ಒಂದಕ್ಕೊಂದು ಬೆಸೆದುಕೊಳ್ಳುತ್ತವೆ. ಎನಾಮಲ್ ಗಾಳಿಯ ಆಮ್ಲಜನಕದೊಡನೆ ಕೂಡಿ ಗಟ್ಟಿಯಾಗುವುದರಿಂದ ನಿಧಾನ. ತೇಪೆ ಹಾಕಿದ ಜಾಗಕ್ಕೆ ಪ್ರೈಮರ್ ಬಳಿಯದಿದ್ದರೆ ಅದು ಬಣ್ಣವನ್ನು ಹೆಚ್ಚು ಹೀರಿ, ಒಣಗಿದ ಮೇಲೆ ಮಂಕು ಮಚ್ಚೆಯಾಗಿ ಎದ್ದು ತೋರುತ್ತದೆ.

ಸುಣ್ಣದ ಸಂಗತಿ ಇದಕ್ಕೆ ವಿರುದ್ಧ. ಅದು ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹೀರಿ ಕ್ಯಾಲ್ಸಿಯಂ ಕಾರ್ಬೊನೇಟ್ ಆಗಿ ಮಾರ್ಪಡಬೇಕು, ಆ ಕ್ರಿಯೆಗೆ ತೇವ ಅಗತ್ಯ. ಬೇಗ ಒಣಗಿಸಿದ ಸುಣ್ಣ ಗೋಡೆಗೆ ಒರಗಿದವರ ಅಂಗಿಗೆ ಹತ್ತುತ್ತದೆ. ಸುಣ್ಣ ಬಳಿಯುವ ಮುನ್ನ ಗೋಡೆಗೆ ನೀರು ಚಿಮುಕಿಸುವ ಹಳೆಯ ಪದ್ಧತಿಯ ಹಿಂದಿರುವುದು ಈ ರಸಾಯನವೇ.

ಹವಾಮಾನ

ಮೇಲಿನ ಅವಧಿಗಳು ಸುಮಾರು 25ರಿಂದ 30 ಡಿಗ್ರಿ ಸೆಲ್ಸಿಯಸ್ ಉಷ್ಣತೆಗೆ ಅನ್ವಯಿಸುತ್ತವೆ. ಗಾಳಿಯ ಸಾಪೇಕ್ಷ ಆರ್ದ್ರತೆ ಶೇಕಡ 85ನ್ನು ಮೀರಿದಾಗ ಬಣ್ಣ ಬಳಿಯಬಾರದು. ಕರಾವಳಿ ಮತ್ತು ಮಲೆನಾಡಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ಮಿತಿಯನ್ನು ದಾಟುವ ದಿನಗಳು ಅನೇಕ. ಗೌರಿ-ಗಣೇಶ ಹಬ್ಬವೂ ಇದೇ ಕಾಲಕ್ಕೆ ಬರುವುದರಿಂದ, ಹಬ್ಬಕ್ಕೆಂದು ಅವಸರದಲ್ಲಿ ಬಳಿದ ಬಣ್ಣ ದೀಪಾವಳಿಯ ಹೊತ್ತಿಗೆ ಏಳುವುದುಂಟು. ಗೃಹಪ್ರವೇಶದ ಮುಹೂರ್ತ ಮುಂದೂಡಲಾಗದಿದ್ದರೆ ಪ್ರೈಮರ್ ಮಟ್ಟದಲ್ಲಿ ಕೆಲಸ ನಿಲ್ಲಿಸಿ, ಅಂತಿಮ ಬಣ್ಣವನ್ನು ಬೇಸಗೆಗೆ ಬಿಡುವುದು ಜಾಣತನ. ಕಿಟಕಿ ತೆರೆದು ಗಾಳಿಯಾಡಲು ಬಿಡುವುದು ಒಳ್ಳೆಯದು. ಬಿಸಿಗಾಳಿ ಊದಿ ಒಣಗಿಸಿದರೆ ಮೇಲ್ಪೊರೆ ಮಾತ್ರ ಬಿಗಿಯುತ್ತದೆ.

ಆರೋಗ್ಯ

ಪುಟ್ಟಿ ಉಜ್ಜುವಾಗ ಏಳುವ ಧೂಳು ಶ್ವಾಸಕೋಶಕ್ಕೆ ಹಾನಿಕರ, ಮುಖಗವಸು ಅವಶ್ಯ. ಹಳೆಯ ಎನಾಮಲ್ ಲೇಪಗಳಲ್ಲಿ ಸೀಸವಿರುವ ಸಾಧ್ಯತೆಯಿದೆ. ಭಾರತದಲ್ಲಿ ಗೃಹಬಳಕೆಯ ಬಣ್ಣಗಳ ಸೀಸದ ಪ್ರಮಾಣವನ್ನು ಹತ್ತು ಲಕ್ಷಕ್ಕೆ 90 ಭಾಗಗಳಿಗೆ ಮಿತಿಗೊಳಿಸಿದ್ದು 2016ರ ನಿಯಮಗಳು. ಆದುದರಿಂದ ಅದಕ್ಕೂ ಹಿಂದಿನ ಎಣ್ಣೆ ಬಣ್ಣವನ್ನು ಒಣಗಿದ ಸ್ಥಿತಿಯಲ್ಲಿ ಕೆರೆಯದೆ, ನೀರು ಹಾಕಿ ಉಜ್ಜಬೇಕು; ಆ ಸಮಯದಲ್ಲಿ ಮಕ್ಕಳನ್ನು ಮತ್ತು ಗರ್ಭಿಣಿಯರನ್ನು ದೂರವಿರಿಸಬೇಕು.