ಅಂತರಜಾಲ ಸುರಕ್ಷತೆ: ಒಡನಾಟ, ಆಟ, ಖರೀದಿ

ಅಂತರಜಾಲದಲ್ಲಿ ಒಡನಾಡುವಾಗ, ಆಡುವಾಗ, ಕೊಳ್ಳುವಾಗ ಹಣ, ಖಾಸಗಿ ಮಾಹಿತಿ ಮತ್ತು ಮಾನವನ್ನು ಕಾಪಾಡಿಕೊಳ್ಳುವ ಕ್ರಮ. ಕೇರಳ–ಕರ್ನಾಟಕ ಗಡಿಗೆ ಹತ್ತಿರದ, ವಯನಾಡು ಜಿಲ್ಲೆಯ ಚೇಕಾಡಿಯಂಥ ಕಾಡಂಚಿನ ಭತ್ತದ ಹಳ್ಳಿಗೂ ಮಹಾನಗರಕ್ಕೂ ಈ ಕ್ರಮ ಸಮಾನವಾಗಿ ಅನ್ವಯಿಸುತ್ತದೆ.

ಒಡನಾಟ: ಪರಿಚಿತರ ಹೆಸರು, ಫೋಟೊ ಬಳಸಿ ನಕಲಿ ಖಾತೆ ತೆರೆದು ಹಣ ಕೇಳುವುದು ಸಾಮಾನ್ಯ ವಂಚನೆ. ಹಣ ಕಳಿಸುವ ಮೊದಲು ಆ ವ್ಯಕ್ತಿಗೇ ಕರೆ ಮಾಡಿ ವಿಚಾರಿಸಬೇಕು. ಖಾತೆಗಳಿಗೆ ಎರಡು ಹಂತದ ದೃಢೀಕರಣ ಇರಬೇಕು. ಸೋಗು ಹಾಕಿ ವಂಚಿಸುವವರಿಗೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಡಿ ಕಲಮಿನಡಿ 3 ವರ್ಷದವರೆಗೆ ಸೆರೆವಾಸ, 1 ಲಕ್ಷ ರೂಪಾಯಿವರೆಗೆ ದಂಡವಿದೆ. ವಿಡಿಯೊ ಕರೆಯಲ್ಲೇ ಬಂಧಿಸಿದ್ದೇವೆಂದು ಹೆದರಿಸುವ ‘ಡಿಜಿಟಲ್ ಅರೆಸ್ಟ್’ ಭಾರತದ ಕಾನೂನಿನಲ್ಲಿ ಇಲ್ಲ. ಅಂಥ ಕರೆಯನ್ನು ಕೂಡಲೇ ಕಡಿದುಹಾಕಬೇಕು.

ಆಟ: 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಕಾಯ್ದೆ, ಹಣ ಪಣಕ್ಕಿಡುವ ಆನ್‌ಲೈನ್ ಆಟಗಳನ್ನೂ ಅವುಗಳ ಜಾಹೀರಾತನ್ನೂ ನಿಷೇಧಿಸುತ್ತದೆ. ಮಕ್ಕಳು ಆಡುವ ಫೋನಿನಲ್ಲಿ ಬ್ಯಾಂಕ್ ಕಾರ್ಡಿನ ವಿವರ ಉಳಿಸಬಾರದು. ಆಟದ ಚಾಟ್‌ನಲ್ಲಿ ಊರು, ಶಾಲೆ, ಫೋನ್ ನಂಬರ್ ಹೇಳಬಾರದೆಂದು ಅವರಿಗೆ ತಿಳಿಹೇಳಬೇಕು.

ಖರೀದಿ: ಯುಪಿಐನಲ್ಲಿ ಹಣ ಪಡೆಯಲು ಪಿನ್ ಒತ್ತಬೇಕಿಲ್ಲ, ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಬೇಕಿಲ್ಲ. ಒಟಿಪಿಯನ್ನು ಯಾರಿಗೂ ಹೇಳಬಾರದು. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ಜಾಲತಾಣವು ಗ್ರಾಹಕರ ದೂರು ತಲುಪಿದ್ದನ್ನು 48 ಗಂಟೆಯೊಳಗೆ ಖಚಿತಪಡಿಸಿ, ಅದನ್ನು ಒಂದು ತಿಂಗಳೊಳಗೆ ಪರಿಹರಿಸಬೇಕು. ಗ್ರಾಹಕ ಸಹಾಯವಾಣಿ: 1915.

ದೂರು: ಹಣ ಕಳೆದುಕೊಂಡವರು ತಡಮಾಡದೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು. ಈ ಸಂಖ್ಯೆ ಎಲ್ಲ ರಾಜ್ಯಗಳಿಗೂ ಒಂದೇ. ಬೇಗ ತಿಳಿಸಿದಷ್ಟೂ ವಂಚಕರ ಖಾತೆಯಲ್ಲಿನ ಹಣವನ್ನು ಬ್ಯಾಂಕುಗಳು ತಡೆಹಿಡಿಯುವ ಸಾಧ್ಯತೆ ಹೆಚ್ಚು. ಮೋಸಹೋದವರು ನಾಚಿಕೊಳ್ಳಬೇಕಿಲ್ಲ, ಅಪರಾಧ ವಂಚಕರದು.