ಒಂಬತ್ತು ಸೂತ್ರಗಳು ಮತ್ತು ಹತ್ತನೆಯ ಪ್ರಶ್ನೆ

ಒಂದು ಮತವನ್ನು ಅರಿಯಬೇಕಾದರೆ ಎರಡು ದಾರಿಗಳುಂಟು. ಅದರ ಅನುಯಾಯಿಗಳು ಏನನ್ನು ನಂಬತಕ್ಕದ್ದೆಂದು ಬರೆದಿಟ್ಟುಕೊಂಡಿರುವರೋ ಅದನ್ನು ಓದಿ ನೋಡುವುದು ಒಂದು ದಾರಿ. ಹಾಗೆ ನಂಬಿದವರು ಇಕ್ಕಟ್ಟಿಗೆ ಸಿಕ್ಕಿದಾಗ ಹೇಗೆ ನಡೆದುಕೊಂಡರೆಂಬುದನ್ನು ವಿಚಾರಿಸುವುದು ಇನ್ನೊಂದು ದಾರಿ. ಈ ಎರಡು ದಾರಿಗಳೂ ಒಂದೇ ಸ್ಥಳದಲ್ಲಿ, ಒಂದೇ ಪಕ್ಷದೊಳಗೆ ಬಂದು ಕೂಡುವುದು ಅಪೂರ್ವ. ಹಾಗೆ ಕೂಡಿದ ಒಂದು ಪ್ರಸಂಗವನ್ನು ಶ್ರೋತೃಗಳ ಮುಂದಿಡಬೇಕೆಂಬುದು ಈ ಭಾಷಣದ ಉದ್ದೇಶ. ಸ್ಥಳ, ಲಂಡನ್ ನಗರದ ಫ್ರೀಮೇಸನರ ಭವನ. ಕಾಲ, 1846ನೆಯ ಇಸವಿ ಆಗಸ್ಟ್ ತಿಂಗಳು. ಅಲ್ಲಿ ನೆರೆದವರು, ಇಂಗ್ಲೆಂಡು, ಸ್ಕಾಟ್ಲೆಂಡು, ಅಮೆರಿಕಾ ಮತ್ತು ಯೂರೋಪ್ ಖಂಡದ ಇತರ ದೇಶಗಳಿಂದ ಬಂದ ಸುಮಾರು 800 ಮಂದಿ ಕ್ರೈಸ್ತ ಬೋಧಕರೂ ಗೃಹಸ್ಥರೂ.

ಇವರೆಲ್ಲರೂ ತಮ್ಮನ್ನು 'ಇವಾಂಜೆಲಿಕಲ್' ಎಂದು ಕರೆದುಕೊಳ್ಳುತ್ತಿದ್ದವರು. ಒಳ್ಳೆಯ ಸಮಾಚಾರವೆಂಬ ಅರ್ಥದ ಗ್ರೀಕ್ ಪದದಿಂದ ಈ ಹೆಸರು ಹುಟ್ಟಿತು. ನಮ್ಮ ದೇಶದ ಕ್ರೈಸ್ತರು ಅದನ್ನು 'ಸುವಾರ್ತೆ' ಎನ್ನುತ್ತಾರೆ. ಆದಕಾರಣ ನಾವು ಇವರನ್ನು ಸುವಾರ್ತಾಪಂಥದವರೆಂದು ಕರೆಯಬಹುದು. ಈ ಹೆಸರನ್ನು ಮೊದಲು ಬಳಕೆಗೆ ತಂದವರು ಜರ್ಮನಿಯ ಮಾರ್ಟಿನ್ ಲೂಥರನ ಕಡೆಯವರು. 1517ರಲ್ಲಿ ಆತನು ಎತ್ತಿದ ಆಕ್ಷೇಪಣೆಯಿಂದ ರೋಮಿನ ಸಭೆ ಒಡೆಯಿತು. ಆದರೆ ನಾವು ಇಲ್ಲಿ ಹೇಳುತ್ತಿರುವ ಪಂಥವು ತನ್ನ ನಿಜವಾದ ರೂಪವನ್ನು ಪಡೆದದ್ದು ಎರಡು ಶತಮಾನಗಳ ತರುವಾಯ. 1738ನೆಯ ಇಸವಿ ಮೇ 24ರ ಸಂಜೆ ಜಾನ್ ವೆಸ್ಲಿಯೆಂಬ ಪಾದ್ರಿ ಲಂಡನ್ನಿನ ಆಲ್ಡರ್ಸ್‌ಗೇಟ್ ಬೀದಿಯ ಒಂದು ಕೂಟಕ್ಕೆ ಮನಸ್ಸಿಲ್ಲದ ಮನಸ್ಸಿನಿಂದ ಹೋದನು. ಅಲ್ಲಿ ಯಾರೋ ಲೂಥರನ ಒಂದು ಮುನ್ನುಡಿಯನ್ನು ಓದುತ್ತಿದ್ದರು. ಕೇಳುತ್ತ ಕುಳಿತ ವೆಸ್ಲಿಗೆ ತನ್ನ ಪಾಪಗಳು ಪರಿಹಾರವಾದುವೆಂಬ ನಿಶ್ಚಯವು ಅಂತರಂಗದಲ್ಲಿ ಉಂಟಾಯಿತು. ಆತನು ಆಕ್ಸ್‌ಫರ್ಡಿನಲ್ಲಿ ಓದಿದವನು, ನೇಮನಿಷ್ಠೆಗಳಲ್ಲಿ ಕಠಿನನು, ಅಮೆರಿಕಾದ ಜಾರ್ಜಿಯಾ ಪ್ರಾಂತಕ್ಕೆ ಹೋಗಿ ಧರ್ಮೋಪದೇಶ ಮಾಡಿ ಬಂದವನು. ಇಷ್ಟಾದರೂ ಅದುವರೆಗೆ ಶಾಂತಿಯನ್ನು ಕಾಣದೆ ಇದ್ದವನು. ಮರುವರ್ಷ ಆತನ ಸ್ನೇಹಿತನಾದ ಜಾರ್ಜ್ ವೈಟ್‌ಫೀಲ್ಡನು ಬ್ರಿಸ್ಟಲ್ ಪಟ್ಟಣದ ಬಳಿ, ಕಿಂಗ್ಸ್‌ವುಡ್ಡಿನ ಕಲ್ಲಿದ್ದಲ ಗಣಿಯ ಕೂಲಿಗಳಿಗೆ ಬಯಲಿನಲ್ಲಿ ನಿಂತು ಉಪದೇಶಮಾಡಿದನು. ವೆಸ್ಲಿಯೂ ಬಯಲಿಗಿಳಿದನು. ಗುಡಿಯೊಳಗೆ ಕಾಲಿಡದಿದ್ದ ಜನರ ಬಳಿಗೆ ಮತವೇ ನಡೆದುಹೋಯಿತು.

ಇವರಿಬ್ಬರೂ ಪ್ರಾಣಸ್ನೇಹಿತರಾದರೂ ಒಂದು ವಿಷಯದಲ್ಲಿ ಬೇರೆಯಾದರು. ದೇವರು ತಾನು ಉದ್ಧರಿಸಬೇಕೆಂದು ಮೊದಲೇ ಆರಿಸಿಕೊಂಡವರನ್ನು ಮಾತ್ರ ಉದ್ಧರಿಸುತ್ತಾನೆಂದು ವೈಟ್‌ಫೀಲ್ಡನು ಹೇಳಿದನು. ಕೃಪೆಯು ಎಲ್ಲರಿಗೂ ನೀಡಲ್ಪಟ್ಟಿದೆ, ಅದನ್ನು ಹಿಡಿಯುವುದೂ ಬಿಡುವುದೂ ಮನುಷ್ಯನಿಗೆ ಸೇರಿದ್ದೆಂದು ವೆಸ್ಲಿ ಹೇಳಿದನು. ನಮ್ಮ ಶ್ರೀವೈಷ್ಣವ ಗ್ರಂಥಗಳನ್ನು ಬಲ್ಲವರಿಗೆ ಇಲ್ಲಿ ಮಾರ್ಜಾಲಕಿಶೋರ ನ್ಯಾಯವೂ ಮರ್ಕಟಕಿಶೋರ ನ್ಯಾಯವೂ ನೆನಪಿಗೆ ಬಾರದೆ ಇರುವುದಿಲ್ಲ. ಬೆಕ್ಕಿನ ಮರಿಯನ್ನು ತಾಯಿಯೇ ಕಚ್ಚಿಕೊಂಡು ಹೋಗುತ್ತದೆ. ಕೋತಿಯ ಮರಿ ತಾಯಿಯನ್ನು ತಾನೇ ಅಪ್ಪಿಕೊಂಡಿರಬೇಕು. ಹೋಲಿಕೆಯನ್ನು ಬಹುದೂರ ಎಳೆಯಲಾಗದು. ಆದರೂ ಕೃಪೆಯನ್ನು ನಂಬಿದ ಎಲ್ಲ ಮತಗಳಲ್ಲಿಯೂ ಈ ಪ್ರಶ್ನೆ ತಲೆಯೆತ್ತುತ್ತದೆಂಬುದಕ್ಕೆ ಇದು ಸಾಕ್ಷಿ.

ಹೀಗೆ ಬೆಳೆದ ಪಂಥವು ಒಂದೇ ಸಭೆಯಾಗಿ ಉಳಿಯಲಿಲ್ಲ. ಮೆಥಡಿಸ್ಟರು, ಬ್ಯಾಪ್ಟಿಸ್ಟರು, ಪ್ರೆಸ್ಬಿಟೇರಿಯನ್ನರು, ಆಂಗ್ಲಿಕನ್ನರೆಂದು ಹತ್ತಾರು ಕವಲುಗಳಲ್ಲಿ ಅದು ಹರಿಯಿತು. ಶಿಶುವಿಗೆ ದೀಕ್ಷಾಸ್ನಾನ ಮಾಡಿಸಬಹುದೇ, ಬಿಷಪ್ಪರು ಇರಬೇಕೇ, ಸರ್ಕಾರದ ಹಣವನ್ನು ಸಭೆ ಮುಟ್ಟಬಹುದೇ ಎಂದು ಅವರು ತಮ್ಮತಮ್ಮಲ್ಲಿ ಹೋರಾಡುತ್ತಿದ್ದರು. ಈ ಕಲಹವನ್ನು ಬಿಟ್ಟು, ತಮಗೆಲ್ಲರಿಗೂ ಸಮಾನವಾದ ನಂಬಿಕೆ ಯಾವುದೆಂದು ಲೋಕಕ್ಕೆ ಸಾರಬೇಕೆಂಬುದೇ 1846ರ ಮಹಾಸಭೆಯ ಸಂಕಲ್ಪ. 1845ರಲ್ಲಿ ಲಿವರ್‌ಪೂಲಿನಲ್ಲಿ ಇದಕ್ಕೆ ಪೂರ್ವಸಿದ್ಧತೆ ನಡೆದಿತ್ತು. ಸರ್ ಕಲಿಂಗ್ ಅರ್ಡ್ಲಿ ಸ್ಮಿತ್ತನು ಅಗ್ರಾಸನವನ್ನು ವಹಿಸಿದನು. ಕೂಟಕ್ಕೆ 'ಇವಾಂಜೆಲಿಕಲ್ ಅಲಯನ್ಸ್' ಎಂದು ಹೆಸರಾಯಿತು. ಅವರು ಒಪ್ಪಿದ ಒಂಬತ್ತು ಸೂತ್ರಗಳನ್ನು ಈಗ ಒಂದೊಂದಾಗಿ ನೋಡೋಣ.

ಮೊದಲನೆಯದು, ಬೈಬಲ್ ದೈವಪ್ರೇರಿತವಾದ ಗ್ರಂಥ, ಅದೇ ಪ್ರಮಾಣ, ಮುಕ್ತಿಗೆ ಅದೊಂದೇ ಸಾಕು ಎಂಬುದು. ಎರಡನೆಯದು, ಆ ಗ್ರಂಥದ ಅರ್ಥವನ್ನು ಸ್ವಂತ ಬುದ್ಧಿಯಿಂದ ವಿಚಾರಮಾಡಿ ತಿಳಿಯುವುದು ಪ್ರತಿಯೊಬ್ಬನ ಹಕ್ಕೂ ಹೌದು, ಕರ್ತವ್ಯವೂ ಹೌದು ಎಂಬುದು. ಈ ಎರಡನ್ನೂ ಜೊತೆಗಿಟ್ಟು ನೋಡಬೇಕು. ಪ್ರಮಾಣವು ಒಂದೇ, ವ್ಯಾಖ್ಯಾನಕಾರರು ಮಾತ್ರ ಅಸಂಖ್ಯಾತ. ಪಂಥದ ಬಲವೂ ದೌರ್ಬಲ್ಯವೂ ಇಲ್ಲಿಯೇ ಇದೆ.

ಮೂರನೆಯದು, ದೇವರು ಒಬ್ಬನೇ, ತಂದೆ ಮಗ ಪವಿತ್ರಾತ್ಮ ಎಂಬ ಮೂರು ವ್ಯಕ್ತಿಗಳಾಗಿ ಇದ್ದಾನೆಂಬುದು. ನಾಲ್ಕನೆಯದು, ಆದಿಮಾನವನ ಪತನದಿಂದಾಗಿ ಮನುಷ್ಯಸ್ವಭಾವವು ಪೂರ್ತಿಯಾಗಿ ಕೆಟ್ಟಿದೆಯೆಂಬುದು. ನಮ್ಮವರಿಗೆ ಇದು ಕಹಿಯಾಗಿ ತೋರಬಹುದು. ಜೀವನು ಅವಿದ್ಯೆಯಿಂದ ಮರೆಯಾಗಿರುವನೆಂದು ಕೇಳಿ ಬೆಳೆದವರಿಗೆ, ಅವನು ಅಪರಾಧಿಯೆಂಬ ಮಾತು ಹೊಸದು. ಆದರೆ ಈ ಸೂತ್ರಕ್ಕೆ ಇನ್ನೊಂದು ಮುಖವುಂಟು. ಪ್ರಭುವೂ ಗಣಿಯ ಕೂಲಿಯೂ ಒಂದೇ ಕಟಕಟೆಯಲ್ಲಿ ನಿಲ್ಲಬೇಕೆಂದು ಅದು ಹೇಳಿತು. ಇಂಗ್ಲೆಂಡಿನ ಶ್ರೀಮಂತರಿಗೆ ಇದು ರುಚಿಸದೆ ಹೋದುದರಲ್ಲಿ ಆಶ್ಚರ್ಯವಿಲ್ಲ.

ಐದನೆಯದು ಈ ಮತದ ನಾಭಿ. ದೇವಕುಮಾರನು ಮನುಷ್ಯನಾಗಿ ಅವತರಿಸಿ, ಪಾಪಿಗಳ ಪ್ರಾಯಶ್ಚಿತ್ತಕ್ಕಾಗಿ ಶಿಲುಬೆಯ ಮೇಲೆ ಪ್ರಾಣವನ್ನರ್ಪಿಸಿ, ಅವರಿಗೂ ದೇವರಿಗೂ ಮಧ್ಯಸ್ಥನಾಗಿ ಆಳುತ್ತಿರುವನೆಂಬುದು. ಆರನೆಯದು, ಪಾಪಿಯು ನೀತಿವಂತನೆಂದು ಎಣಿಸಲ್ಪಡುವುದು ನಂಬಿಕೆಯೊಂದರಿಂದಲೇ, ಪುಣ್ಯಕರ್ಮಗಳಿಂದಲ್ಲ ಎಂಬುದು. ಲೂಥರನು ಯಾವ ಮಾತಿಗಾಗಿ ರೋಮನ್ನು ಎದುರಿಸಿದನೋ ಅದೇ ಈ ಮಾತು. ಏಳನೆಯದು, ಪಾಪಿಯ ಮನಸ್ಸನ್ನು ತಿರುಗಿಸುವುದೂ ಅವನನ್ನು ಪವಿತ್ರನನ್ನಾಗಿ ಮಾಡುವುದೂ ಪವಿತ್ರಾತ್ಮನ ಕೆಲಸವೆಂಬುದು. ಇದನ್ನೇ ಅವರು ಹೊಸ ಹುಟ್ಟು ಎನ್ನುತ್ತಾರೆ. ನಮ್ಮ ಪುನರ್ಜನ್ಮಕ್ಕೂ ಇದಕ್ಕೂ ಸಂಬಂಧವಿಲ್ಲ. ಈ ಒಂದೇ ದೇಹದಲ್ಲಿ, ಈ ಒಂದೇ ಬಾಳಿನಲ್ಲಿ ಮನುಷ್ಯನು ಮತ್ತೊಬ್ಬನಾಗುವುದೇ ಆ ಹುಟ್ಟು.

ಎಂಟನೆಯದು, ಆತ್ಮವು ಅಮರ, ದೇಹಕ್ಕೆ ಪುನರುತ್ಥಾನವುಂಟು, ಕ್ರಿಸ್ತನು ಲೋಕಕ್ಕೆ ತೀರ್ಪುಕೊಡುವನು, ನೀತಿವಂತರಿಗೆ ನಿತ್ಯಾನಂದ, ದುಷ್ಟರಿಗೆ ನಿತ್ಯಶಿಕ್ಷೆ ಎಂಬುದು. ಒಂಬತ್ತನೆಯದು, ಬೋಧಕವೃತ್ತಿಯು ದೇವರೇ ಸ್ಥಾಪಿಸಿದ್ದು, ದೀಕ್ಷಾಸ್ನಾನವೂ ಕರ್ತನ ಭೋಜನವೂ ಎಂದೆಂದಿಗೂ ನಡೆಯತಕ್ಕ ವಿಧಿಗಳು ಎಂಬುದು.

ಇದು ಶಾಸ್ತ್ರೀಯವಾದ ಮತಪ್ರತಿಜ್ಞೆಯಲ್ಲ, ಎಂಥವರನ್ನು ಕೂಟಕ್ಕೆ ಸೇರಿಸಿಕೊಳ್ಳಬಹುದೆಂಬುದರ ಗುರುತು ಮಾತ್ರ ಎಂದು ಅವರೇ ಹೇಳಿಕೊಂಡರು. ಆದರೆ ಬಾಗಿಲಿಗೆ ಗುರುತುಹಾಕುವುದೆಂದರೆ ಕೆಲವರನ್ನು ಹೊರಗಿಡುವುದೆಂದೇ ಅರ್ಥ. ಎರಡನೆಯ ಮತ್ತು ಆರನೆಯ ಸೂತ್ರಗಳಿಂದ ರೋಮನ್ ಕ್ಯಾಥೊಲಿಕರು ಹೊರಗುಳಿದರು, ಮೂರನೆಯದರಿಂದ ಯೂನಿಟೇರಿಯನ್ನರು, ಒಂಬತ್ತನೆಯದರಿಂದ ಕ್ವೇಕರರು. ಬಾಹ್ಯವಿಧಿಗಳನ್ನು ಆಚರಿಸದೆ, ಮೌನವಾಗಿ ಕುಳಿತು ಉಪಾಸನೆಮಾಡುವ ಕ್ವೇಕರರ ಹೆಸರನ್ನು ಶ್ರೋತೃಗಳು ನೆನಪಿನಲ್ಲಿಡಬೇಕು. ಅವರ ಪ್ರಸ್ತಾಪ ಮತ್ತೆ ಬರುವುದು.

ಸೂತ್ರಗಳು ನಿಶ್ಚಯವಾದ ಮೇಲೆ, ಯಾರು ಸದಸ್ಯರಾಗಬಹುದೆಂಬ ಚರ್ಚೆ ಬಂದಿತು. ಆಗ ಲಂಡನ್ನಿನ ಬ್ಯಾಪ್ಟಿಸ್ಟ್ ಬೋಧಕನಾದ ಜಾನ್ ಹೋವರ್ಡ್ ಹಿಂಟನ್ನನು ಎದ್ದು ಒಂದು ಸಣ್ಣ ತಿದ್ದುಪಡಿಯನ್ನು ಸೂಚಿಸಿದನು: ಗುಲಾಮರನ್ನು ಇಟ್ಟುಕೊಂಡಿರುವವರನ್ನು ಸೇರಿಸಿಕೊಳ್ಳಬಾರದು.

ಬ್ರಿಟಿಷ್ ಪ್ರತಿನಿಧಿಗಳಲ್ಲಿ ಅನೇಕರಿಗೆ ಇದು ಸ್ವತಃಸಿದ್ಧವಾದ ಮಾತು. ತಮ್ಮ ಪಂಥದ ವಿಲ್ಬರ್‌ಫೋರ್ಸನೇ ಮುಂದೆ ನಿಂತು 1807ರಲ್ಲಿ ಗುಲಾಮರ ವ್ಯಾಪಾರವನ್ನು ನಿಲ್ಲಿಸಿರಲಿಲ್ಲವೇ? 1833ರಲ್ಲಿ ಪಾರ್ಲಿಮೆಂಟು ಗುಲಾಮಗಿರಿಯನ್ನೇ ತೆಗೆದುಹಾಕಿರಲಿಲ್ಲವೇ? ಆದರೆ ಅಮೆರಿಕಾದವರಿಗೆ ಇದು ಸಿಡಿಲಾಗಿ ಬಡಿಯಿತು. ಅವರ ದೇಶದಲ್ಲಿ ಈ ಪ್ರಶ್ನೆಯಿಂದಲೇ 1844 ಮತ್ತು 1845ರಲ್ಲಿ ಮೆಥಡಿಸ್ಟರೂ ಬ್ಯಾಪ್ಟಿಸ್ಟರೂ ಉತ್ತರ ದಕ್ಷಿಣವೆಂದು ಒಡೆದುಹೋಗಿದ್ದರು. ಅವರು ಹೇಳಿದ್ದೇನೆಂದರೆ: ನಾವು ನಂಬಿಕೆಯ ಐಕ್ಯಕ್ಕಾಗಿ ಸಾಗರವನ್ನು ದಾಟಿ ಬಂದೆವು, ಒಂಬತ್ತು ಸೂತ್ರಗಳಲ್ಲಿ ಇಲ್ಲದ ಹೊಸ ಪರೀಕ್ಷೆಯನ್ನು ಈಗ ಒಡ್ಡುವುದು ನ್ಯಾಯವಲ್ಲ, ಕೆಲವು ಸಂಸ್ಥಾನಗಳಲ್ಲಿ ಗುಲಾಮನನ್ನು ಬಿಡುಗಡೆಮಾಡಲು ಕಾನೂನೇ ಅಡ್ಡಿ. ಚರ್ಚೆ ದಿನಗಟ್ಟಲೆ ಬೆಳೆಯಿತು. ಸ್ವಾರ್ಥಕ್ಕಾಗಿ, ತನ್ನದೇ ತಪ್ಪಿನಿಂದ ಗುಲಾಮರನ್ನು ಇಟ್ಟುಕೊಂಡವನನ್ನು ಮಾತ್ರ ಹೊರಗಿಡಬಹುದೆಂಬ ನಡುದಾರಿಯ ಮಾತನ್ನು ಒಂದು ಸಮಿತಿ ರಚಿಸಿತು. ಮೊದಲು ಅದು ಅಂಗೀಕೃತವಾಯಿತು. ತರುವಾಯ ಅಮೆರಿಕಾದವರ ಅಸಮಾಧಾನದಿಂದ ಅದನ್ನೂ ಹಿಂತೆಗೆದುಕೊಳ್ಳಬೇಕಾಯಿತು. ಕಡೆಗೆ ಆಯಾ ದೇಶದವರು ತಮ್ಮತಮ್ಮ ಶಾಖೆಗಳನ್ನು ತಾವೇ ಕಟ್ಟಿಕೊಳ್ಳಲಿ ಎಂದು ಸಭೆ ಮುಗಿಯಿತು. ಪ್ರಪಂಚವ್ಯಾಪಿಯಾದ ಒಂದೇ ಕೂಟವೆಂಬ ಕನಸು ಒಡೆಯಿತು. ಅದೇ ವರ್ಷ ನವೆಂಬರಿನಲ್ಲಿ ಬ್ರಿಟಿಷ್ ಶಾಖೆಯವರು ಮ್ಯಾಂಚೆಸ್ಟರಿನಲ್ಲಿ ಸೇರಿ, ಗುಲಾಮರ ಒಡೆಯರಿಗೆ ತಮ್ಮಲ್ಲಿ ಸ್ಥಳವಿಲ್ಲವೆಂದು ನಿರ್ಧರಿಸಿದರು.

ತ್ರಯೈಕ್ಯದಂಥ ಗಹನವಾದ ತತ್ತ್ವದಲ್ಲಿ ಒಮ್ಮತವಾದವರು, ಒಬ್ಬ ಮನುಷ್ಯನು ಮತ್ತೊಬ್ಬನನ್ನು ಮಾರಬಹುದೇ ಎಂಬಲ್ಲಿ ಒಮ್ಮತವಾಗದೆ ಹೋದರು. ಆ ಸಮಯದಲ್ಲಿ ಇಂಗ್ಲೆಂಡಿನಲ್ಲಿಯೇ ಫ್ರೆಡರಿಕ್ ಡಗ್ಲಸನೆಂಬ ನೀಗ್ರೋ ವಾಗ್ಮಿ ಇದ್ದನು. ಆತನು ಗುಲಾಮನಾಗಿ ಹುಟ್ಟಿ, ತಪ್ಪಿಸಿಕೊಂಡು ಬಂದವನು; ಕಾನೂನಿನ ದೃಷ್ಟಿಯಲ್ಲಿ ಆಗಲೂ ಒಬ್ಬ ಅಮೆರಿಕನ್ನನ ಸೊತ್ತು. ಸೆಪ್ಟೆಂಬರ್ 14ರಂದು ಎಕ್ಸೆಟರ್ ಭವನದಲ್ಲಿ ನಡೆದ ಸಭೆಯಲ್ಲಿ ಡಗ್ಲಸನೂ ಆತನ ಮಿತ್ರ ಗ್ಯಾರಿಸನ್ನನೂ ಈ ಕೂಟದ ಹಿಂಜರಿಕೆಯನ್ನು ಬಹಿರಂಗವಾಗಿ ಖಂಡಿಸಿದರು. ಡಗ್ಲಸನು ನಾಸ್ತಿಕನಾಗಿರಲಿಲ್ಲ, ಕ್ರಿಸ್ತನ ಮತ ಬೇರೆ, ಗುಲಾಮರ ಒಡೆಯರ ಮತ ಬೇರೆ ಎಂಬುದೇ ಆತನ ವಾದ.

ಈಗ ಕ್ವೇಕರರನ್ನು ನೆನೆಯೋಣ. 1787ರಲ್ಲಿ ಗುಲಾಮರ ವ್ಯಾಪಾರವನ್ನು ನಿಲ್ಲಿಸಲು ಲಂಡನ್ನಿನಲ್ಲಿ ಏರ್ಪಟ್ಟ ಸಮಿತಿಯ 12 ಮಂದಿಯಲ್ಲಿ 9 ಮಂದಿ ಕ್ವೇಕರರು. ನಾವು ಗಮನಿಸಬೇಕಾದ ವಿಪರ್ಯಾಸ ಇದು: ದೀಕ್ಷಾಸ್ನಾನವನ್ನು ಬಿಟ್ಟದ್ದಕ್ಕಾಗಿ ಅವರನ್ನು ಹೊರಗಿಡಲು ಒಂದು ಸೂತ್ರವಿತ್ತು, ಮನುಷ್ಯರನ್ನು ಇಟ್ಟುಕೊಂಡವನನ್ನು ಹೊರಗಿಡಲು ಸೂತ್ರವಿರಲಿಲ್ಲ.

ಹಾಗಾದರೆ ಆ ಒಂಬತ್ತು ಸೂತ್ರಗಳು ಬರಿಯ ಮಾತೇ? ಹಾಗೆನ್ನುವುದು ಅವಸರದ ತೀರ್ಪಾದೀತು. ಹಿಂಟನ್ನನೂ ಆ ಸೂತ್ರಗಳನ್ನೇ ನಂಬಿದವನು. ಎಲ್ಲರೂ ಒಂದೇ ಪತನಕ್ಕೆ ಗುರಿಯಾದವರು, ಎಲ್ಲರಿಗಾಗಿ ಒಂದೇ ರಕ್ತ ಚೆಲ್ಲಿತು ಎಂದ ಮೇಲೆ ಒಬ್ಬನು ಒಡೆಯ, ಒಬ್ಬನು ಸೊತ್ತು ಆಗುವುದು ಹೇಗೆ? ವೆಸ್ಲಿ 1774ರಲ್ಲಿಯೇ ಗುಲಾಮಗಿರಿಯನ್ನು ಖಂಡಿಸಿ ಪುಸ್ತಕ ಬರೆದನು. 1791ರಲ್ಲಿ, ಸಾಯುವುದಕ್ಕೆ ಕೆಲವೇ ದಿನಗಳ ಮುಂಚೆ, ವಿಲ್ಬರ್‌ಫೋರ್ಸನಿಗೆ ಧೈರ್ಯಹೇಳಿ ಕಾಗದ ಬರೆದನು. ಅದೇ ಸುವಾರ್ತೆಯನ್ನು ಸಾರಿದ ವೈಟ್‌ಫೀಲ್ಡನಾದರೋ ಜಾರ್ಜಿಯಾದಲ್ಲಿ ಗುಲಾಮಗಿರಿಗೆ ಅನುಮತಿ ಬೇಕೆಂದು ವಾದಿಸಿ, ತಾನೂ ಗುಲಾಮರನ್ನು ಇಟ್ಟುಕೊಂಡನು. ಬೀಜ ಒಂದೇ; ಬಿದ್ದ ನೆಲ ಬೇರೆ.

ನಮ್ಮ ನಾಡಿಗೂ ಈ ಪ್ರವಾಹ ಹರಿದು ಬಂದಿತು. 1810ರಲ್ಲಿ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸನು ಬಳ್ಳಾರಿಗೂ, 1834ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿಗೂ ಬಂದರು. ಬೈಬಲನ್ನು ಪ್ರತಿಯೊಬ್ಬನೂ ತಾನೇ ಓದಿ ತಿಳಿಯಬೇಕೆಂಬ ಎರಡನೆಯ ಸೂತ್ರದ ಫಲವನ್ನು ಕನ್ನಡಿಗರೆಲ್ಲರೂ ಉಂಡಿದ್ದೇವೆ. ಜನರ ಭಾಷೆಯನ್ನು ಕಲಿಯದೆ, ಅಚ್ಚುಕೂಟ ಶಾಲೆಗಳನ್ನು ಕಟ್ಟದೆ ಆ ಸೂತ್ರ ನಡೆಯಲಾರದು. 1843ರಲ್ಲಿ ಮೋಗ್ಲಿಂಗನು ಹೊರಡಿಸಿದ 'ಮಂಗಳೂರ ಸಮಾಚಾರ'ವೂ 1894ರಲ್ಲಿ ಪ್ರಕಟವಾದ ಕಿಟ್ಟೆಲನ ನಿಘಂಟೂ ಆ ಬೇರಿನಿಂದ ಬಂದವು. ಹತ್ತನೆಯ ಪ್ರಶ್ನೆಯೂ ಇಲ್ಲಿ ಬೇರೆ ವೇಷದಲ್ಲಿ ಎದುರಾಯಿತು. ಸಭೆಗೆ ಸೇರುವವನು ಜಾತಿಯನ್ನು ಬಿಡಬೇಕೆಂದು ಬಾಸೆಲಿನವರು ಪಟ್ಟುಹಿಡಿದರು. ಸೇರಿದವರು ಮನೆ, ಕಸುಬು, ಆಸ್ತಿಗಳನ್ನು ಕಳೆದುಕೊಂಡು ಬೀದಿಗೆ ಬೀಳತೊಡಗಿದಾಗ, ಉಪದೇಶ ಮಾತ್ರ ಸಾಲದೆಂದು ತಿಳಿದು ನೇಯ್ಗೆಯ ಕಾರ್ಖಾನೆಯನ್ನೂ, 1865ರಲ್ಲಿ ಮಂಗಳೂರಿನ ಹೆಂಚಿನ ಕಾರ್ಖಾನೆಯನ್ನೂ ಸ್ಥಾಪಿಸಿದರು.

ಅದೇ 1865ರಲ್ಲಿ ಅಮೆರಿಕಾದಲ್ಲಿ ಗುಲಾಮಗಿರಿ ಕಾನೂನಿನಿಂದ ಕೊನೆಗಂಡಿತು. ಲಂಡನ್ನಿನ ವಾದಗಳಿಂದ ಬಗೆಹರಿಯದ್ದು ನಾಲ್ಕು ವರ್ಷಗಳ ಅಂತರ್ಯುದ್ಧದಲ್ಲಿ, ಲಕ್ಷಾಂತರ ಜನರ ರಕ್ತದಲ್ಲಿ ಬಗೆಹರಿಯಿತು. ಅದಾದ ಎರಡು ವರ್ಷಕ್ಕೆ, 1867ರಲ್ಲಿ, ಅಮೆರಿಕಾದಲ್ಲಿ ಕೂಟದ ಶಾಖೆಯೊಂದು ನೆಲೆಗೊಂಡಿತು.

1989ರಲ್ಲಿ ಡೇವಿಡ್ ಬೆಬಿಂಗ್ಟನ್ನನೆಂಬ ಬ್ರಿಟಿಷ್ ಇತಿಹಾಸಕಾರನು ಈ ಪಂಥಕ್ಕೆ ನಾಲ್ಕು ಲಕ್ಷಣಗಳನ್ನು ಹೇಳಿದನು: ಗ್ರಂಥನಿಷ್ಠೆ, ಶಿಲುಬೆಯಲ್ಲಿ ದೃಷ್ಟಿ, ಮನಃಪರಿವರ್ತನೆ ಮತ್ತು ಕಾರ್ಯೋತ್ಸಾಹ. ಮೊದಲ ಮೂರು ಒಂಬತ್ತು ಸೂತ್ರಗಳಲ್ಲಿ ಇದ್ದೇ ಇವೆ. ನಾಲ್ಕನೆಯದನ್ನು, ಎಂದರೆ ನಂಬಿಕೆ ಕೈಕಾಲುಗಳಲ್ಲಿ ಹೊರಬರಬೇಕೆಂಬುದನ್ನು, 1846ರವರು ಸೂತ್ರವಾಗಿ ಬರೆಯಲಿಲ್ಲ. 1974ರಲ್ಲಿ ಸ್ವಿಟ್ಸರ್ಲೆಂಡಿನ ಲೊಸಾನ್ ಪಟ್ಟಣದಲ್ಲಿ ಸುಮಾರು 150 ದೇಶಗಳ ಸುವಾರ್ತಾಪಂಥದವರು ಸೇರಿ ಒಂದು ಒಡಂಬಡಿಕೆಯನ್ನು ಬರೆದಾಗ, ಸುವಾರ್ತೆಯನ್ನು ಸಾರುವುದೂ ಸಮಾಜದ ನ್ಯಾಯಕ್ಕಾಗಿ ದುಡಿಯುವುದೂ ಪರಸ್ಪರ ವಿರುದ್ಧವೆಂದು ತಾವು ಕೆಲವೊಮ್ಮೆ ಎಣಿಸಿದ್ದಕ್ಕಾಗಿ ಅದರಲ್ಲಿ ಪಶ್ಚಾತ್ತಾಪವನ್ನು ಸೂಚಿಸಿದರು. ಹಿಂಟನ್ನನು ಎದ್ದುನಿಂತ ದಿನಕ್ಕೂ ಇದಕ್ಕೂ ನಡುವೆ 128 ವರ್ಷಗಳು ಸಂದಿದ್ದುವು.

ಇದನ್ನು ಕೇಳಿ ಬೇರೆ ಮತದವರು ನಗಬೇಕಾಗಿಲ್ಲ. ಸರ್ವಭೂತಗಳಲ್ಲಿಯೂ ಒಂದೇ ಆತ್ಮವಿದೆಯೆಂದು ಹೇಳಿದವರ ಊರಿನಲ್ಲಿಯೇ ಕೆಲವರಿಗೆ ಬಾವಿಯ ನೀರು ಸಿಕ್ಕಲಿಲ್ಲವೆಂಬುದು ನಮಗೆ ತಿಳಿಯದ್ದಲ್ಲ. ನಂಬಿಕೆಯ ಸೂತ್ರಗಳನ್ನು ಬರೆದು ಮುಗಿಸಿದ ಮೇಲೆ ಪ್ರತಿಯೊಂದು ಮತಕ್ಕೂ ಒಂದು ಪ್ರಶ್ನೆ ಉಳಿಯುತ್ತದೆ. ಅದನ್ನು ಕೇಳುವವನು ಹೆಚ್ಚಾಗಿ ಬಾಗಿಲಿನ ಹೊರಗೆ ನಿಂತಿರುತ್ತಾನೆ.